ರಕ್ತದಲ್ಲಿಲ್ಲ ಮಾವ, ರಸೀದಿಯಲ್ಲಿದೆ

ಎಂಟು ದಿನಗಳ ಪ್ಯಾಕೇಜ್ ಪ್ರವಾಸದಲ್ಲಿ ಟೋಕಿಯೊ, ಕ್ಯೋಟೊ ಮತ್ತು ಫುಜಿ ಬೆಟ್ಟವನ್ನು ಮುಗಿಸಿದ ನಮ್ಮ ಯಜಮಾನರ ಸೋದರಮಾವ ಮೊನ್ನೆ ಭಾನುವಾರ ಟೋಕಿಯೊದ ನಿಶಿ-ಕಸಾಯಿ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಬಿಸಿಬೇಳೆಬಾತಿಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳುತ್ತ, ಹನ್ನೊಂದು ವರ್ಷಗಳಿಂದ ಇಲ್ಲಿ ಬಾಡಿಗೆ ಕಟ್ಟುತ್ತಿರುವ ನನಗೆ ಅವರು ಜಪಾನನ್ನು ವಿವರಿಸಿದರು. "ನೋಡಮ್ಮಾ, ಇವರ ಶಿಸ್ತು ರಕ್ತದಲ್ಲೇ ಬಂದದ್ದು. ಸಮುರಾಯ್ ರಕ್ತ. ನಮ್ಮವರು ಏಳು ಜನ್ಮ ಎತ್ತಿದರೂ ಬರುವುದಿಲ್ಲ." ಹಿರಿಯರ ಎದುರು ವಾದವೇಕೆಂದು "ಹೌದು ಮಾವ" ಎಂದು ಇನ್ನೊಂದು ಹಪ್ಪಳ ಹಾಕಿದೆ. ಆ "ಹೌದು" ಎರಡು ದಿನಗಳಿಂದ ಗಂಟಲಲ್ಲೇ ಸಿಕ್ಕಿಕೊಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮಾವನವರು ಫೇಸ್‌ಬುಕ್ಕಿನಲ್ಲಿಲ್ಲ, ದಯವಿಟ್ಟು ಯಾರೂ ಇದನ್ನು ಅವರಿಗೆ ವಾಟ್ಸಾಪಿನಲ್ಲಿ ಕಳಿಸಬೇಡಿ.

ಜಪಾನಿನಲ್ಲಿ ನೆಲೆಸಿರುವ ವಿದೇಶೀಯರ ಸಂಖ್ಯೆ 2024ರ ಕೊನೆಗೆ 37 ಲಕ್ಷ ದಾಟಿತ್ತು. ನಮ್ಮಂಥವರಿಗೆ ಇಲ್ಲಿ ಎಲ್ಲಕ್ಕಿಂತ ಹಿತವಾದದ್ದು ಯಾವುದೆಂದು ಕೇಳುವವರೆಲ್ಲ ಉತ್ತರವನ್ನೂ ತಾವೇ ಇಟ್ಟುಕೊಂಡು ಬರುತ್ತಾರೆ: ಸಕುರಾ ಹೂವು, ಬುಲೆಟ್ ರೈಲು, ಬಿಸಿನೀರು ಚಿಮ್ಮಿಸುವ ಶೌಚಾಲಯ. ಸಕುರಾ ಅರಳಿ ನಿಲ್ಲುವುದು ಹತ್ತು ದಿನ, ಅದರಲ್ಲಿ ಎಂಟು ದಿನ ನಾವು ಆಫೀಸಿನಲ್ಲಿರುತ್ತೇವೆ. ಮಗಳ ಶಾಲೆಯಲ್ಲಿ ಪರಿಚಯವಾದ ಬ್ರೆಜಿಲಿನ ತಾಯಿಯನ್ನು ಕೇಳಿದರೂ, ಮೂಲೆಯ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುವ ನೇಪಾಳದ ಹುಡುಗನನ್ನು ಕೇಳಿದರೂ ಮೊದಲು ಊಟತಿಂಡಿಯ ಮಾತು ಬರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಒಂದೇ ಮಾತಿಗೆ ಬರುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ನಿಶ್ಚಿಂತೆ ಎಂದು ಹೆಸರು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದ ಕಾಲದಿಂದ ಹತ್ತು ಹೆಜ್ಜೆಗೊಮ್ಮೆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದ ನನ್ನ ಎಡಗೈ, ಇಲ್ಲಿಗೆ ಬಂದು ಎರಡನೆಯ ವರ್ಷದ ಹೊತ್ತಿಗೆ ನನಗೆ ಹೇಳದೆಯೇ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಕೊನೆಯ ರೈಲಿನಲ್ಲಿಳಿದು ಹನ್ನೆರಡೂವರೆಗೆ ಒಬ್ಬಳೇ ಮನೆಗೆ ನಡೆದು ಬರುವಾಗ ತಲೆಯಲ್ಲಿರುವುದು ನಾಳೆಯ ದೋಸೆಹಿಟ್ಟಿನ ಯೋಚನೆ ಮಾತ್ರ.

ಮಾವನವರಿಗೂ ನನಗೂ ಇಲ್ಲಿಯವರೆಗೆ ಭಿನ್ನಾಭಿಪ್ರಾಯವಿಲ್ಲ. ಜಗಳವಿರುವುದು ಆ ರಕ್ತದ ಬಗ್ಗೆ.

ಮೂರು ವರ್ಷಗಳ ಹಿಂದೆ ನಾನು ತೋಝಾಯ್ ಮಾರ್ಗದ ನಿಲ್ದಾಣದ ಹೊರಗೆ ಎಲ್ಲೋ ಪರ್ಸ್ ಬೀಳಿಸಿಕೊಂಡೆ. ಕೆಂಪು ದೀಪದ ಕೋಬನ್ನಿಗೆ, ಅಂದರೆ ಪೊಲೀಸ್ ಚೌಕಿಗೆ, ಹೋಗಿ ಅರ್ಜಿ ಬರೆದುಕೊಟ್ಟೆ. ಮರುದಿನವೇ ಪೊಲೀಸ್ ಠಾಣೆಯಿಂದ ಕರೆ ಬಂತು. ಕೌಂಟರಿನ ನಡುವಯಸ್ಕ ಅಧಿಕಾರಿ ನೀಲಿ ತಟ್ಟೆಯೊಂದರಲ್ಲಿ ಚಿಲ್ಲರೆ ಸುರಿದು, ಒಂದು ಯೆನ್ನಿನ ಅಲ್ಯೂಮಿನಿಯಂ ನಾಣ್ಯಗಳನ್ನೂ ಬಿಡದೆ, ನನಗೆ ಕೇಳುವಂತೆ ಎಣಿಸಿದರು: 23,416 ಯೆನ್. ಅನಂತರ ಪರ್ಸಿನ ಒಳಜೇಬಿನಿಂದ ಮಡಿಚಿದ ಕಾಗದದ ಸಣ್ಣ ಪೊಟ್ಟಣ ತೆಗೆದು, ಬಿಡಿಸಿ, ಒಳಗಿನ ಕೆಂಪು ಪುಡಿಯನ್ನು ಬಹಳ ಹೊತ್ತು ನೋಡಿ, "ಇದು ಮಸಾಲೆಯೇ?" ಎಂದು ಕೇಳಿದರು. ಅದು ಕೊಲ್ಲೂರಿನ ಕುಂಕುಮ. ನನ್ನ ಹರಕುಮುರುಕು ಜಪಾನಿಯಲ್ಲಿ ದೇವಸ್ಥಾನ, ಅಮ್ಮ, ಹಣೆ ಎಂದೆಲ್ಲ ಹೇಳಿದ ಮೇಲೆ ಅವರು ಅದನ್ನು ಮೊದಲಿದ್ದಂತೆಯೇ ಮಡಿಚಿ, ಪಟ್ಟಿಯಲ್ಲಿ "ಕೆಂಪು ಪುಡಿ, ಒಂದು ಪೊಟ್ಟಣ" ಎಂದು ಬರೆದು ಸಹಿ ಮಾಡಿಸಿಕೊಂಡರು. ಪರ್ಸ್ ತಂದುಕೊಟ್ಟವರು ಹೆಸರು ತಿಳಿಸಲು ಒಪ್ಪದೆ, ಬಹುಮಾನದ ಹಕ್ಕನ್ನೂ ಬಿಟ್ಟುಕೊಟ್ಟಿದ್ದರು. ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಅಧಿಕಾರಿ ಅಷ್ಟು ಚಂದವಾಗಿ ಎಣಿಸಿಕೊಟ್ಟ ದುಡ್ಡನ್ನು ನಾನು ಅವರ ಕಣ್ಣೆದುರಿಗೇ ಮತ್ತೊಮ್ಮೆ ಎಣಿಸಿದೆ.

ಆ "ಬಹುಮಾನದ ಹಕ್ಕು" ಎಂಬ ಮಾತನ್ನು ಮಾವನವರು ಗಮನಿಸಬೇಕಿತ್ತು. ಕಳೆದುಹೋದ ವಸ್ತುಗಳಿಗಾಗಿಯೇ ಈ ದೇಶದಲ್ಲೊಂದು ಕಾಯಿದೆಯಿದೆ. ತಂದುಕೊಟ್ಟವರು ವಸ್ತುವಿನ ಬೆಲೆಯ ಶೇಕಡಾ 5ರಿಂದ 20ರಷ್ಟನ್ನು ಮಾಲೀಕರಿಂದ ಕೇಳಿ ಪಡೆಯಬಹುದು, ಆದರೆ ಸಿಕ್ಕ ಏಳು ದಿನಗಳೊಳಗೆ ಒಪ್ಪಿಸದಿದ್ದರೆ ಆ ಹಕ್ಕು ಹೋಗುತ್ತದೆ. ಮೂರು ತಿಂಗಳವರೆಗೆ ಮಾಲೀಕರು ಬಾರದಿದ್ದರೆ ಅದು ಸಾಮಾನ್ಯವಾಗಿ ಸಿಕ್ಕವರಿಗೇ ಸೇರುತ್ತದೆ. 2007ಕ್ಕೆ ಮೊದಲು ಈ ಅವಧಿ ಆರು ತಿಂಗಳಿತ್ತು. ಟೋಕಿಯೊ ಪೊಲೀಸರಿಗೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಇಂಥ ವಸ್ತುಗಳು ಬರುತ್ತವೆ ಮತ್ತು ಅವನ್ನು ಚೀಟಿ ಕಟ್ಟಿ ಜೋಡಿಸಿಡಲು ಈದಾಬಾಶಿಯಲ್ಲಿ ಒಂದು ಕೇಂದ್ರವೇ ಇದೆ. ಇಷ್ಟೆಲ್ಲ ಕಾಯಿದೆ, ಕೌಂಟರು, ಗೋದಾಮು, ಸಂಬಳದ ಸಿಬ್ಬಂದಿ, ನಡೆದು ಹೋಗುವಷ್ಟು ದೂರದಲ್ಲೊಂದು ಚೌಕಿ, ಅಲ್ಲಿಗೆ ಪರ್ಸ್ ಕೊಡಲು ಹೋದವನನ್ನೇ ಕಳ್ಳನಂತೆ ನೋಡದ ಪೊಲೀಸರು ಇರುವಾಗ ಪ್ರಾಮಾಣಿಕನಾಗುವುದು ಅಷ್ಟು ಕಷ್ಟದ ಕೆಲಸವೇನಲ್ಲ. ಪರ್ಸ್ ತಂದುಕೊಟ್ಟ ಆ ಅನಾಮಿಕರ ಒಳ್ಳೆಯತನವನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರ ಒಳ್ಳೆಯತನಕ್ಕೆ ಹೋಗಿ ಸೇರಲು ಒಂದು ವಿಳಾಸವಿತ್ತು ಎನ್ನುತ್ತಿದ್ದೇನೆ.

ರಕ್ತದಲ್ಲೇ ಇದ್ದದ್ದಾದರೆ, ಕಚೇರಿ ಸಮಯದ ರೈಲುಗಳಲ್ಲಿ ಹೆಂಗಸರಿಗೆಂದು ಪ್ರತ್ಯೇಕ ಬೋಗಿ ಏಕೆ ಬೇಕಾಯಿತು? ನಿಲ್ದಾಣದ ಗೋಡೆಗಳ ಮೇಲೆ, ಮೈಮುಟ್ಟುವುದು ಅಪರಾಧ ಎಂಬ ಪೋಸ್ಟರು ಏಕೆ? ಇಲ್ಲಿ ಮಾರುವ ಮೊಬೈಲುಗಳ ಕ್ಯಾಮೆರಾ ಸದ್ದನ್ನು ಬಂದ್ ಮಾಡಲಾಗದಂತೆ ಕಂಪನಿಗಳು ತಾವಾಗಿಯೇ ಏಕೆ ಏರ್ಪಾಡು ಮಾಡಿಕೊಂಡವು? ಸಮುರಾಯ್‌ಗಳಿಗೆ ಉತ್ತರ ಗೊತ್ತಿರಬಹುದು. ಸ್ವಚ್ಛತೆಯ ಕಥೆಯೂ ಇದೇ. ನಮ್ಮ ಪಕ್ಕದ ಕೋತೊ ವಾರ್ಡಿನ ಕಡಲತೀರಕ್ಕೆ ಇಡೀ ಟೋಕಿಯೊದ ಕಸ ಬಂದು ಬೀಳುತ್ತಿದ್ದ ಕಾಲವೊಂದಿತ್ತು. 1971ರಲ್ಲಿ ಗವರ್ನರ್ ಮಿನೊಬೆ ರ್ಯೋಕಿಚಿ "ಕಸದ ಯುದ್ಧ"ವನ್ನೇ ಘೋಷಿಸಬೇಕಾಯಿತು. ಸುಗಿನಾಮಿ ವಾರ್ಡಿನವರು ಕಸ ಸುಡುವ ಘಟಕ ತಮ್ಮಲ್ಲಿ ಬೇಡವೆಂದು ಪಟ್ಟು ಹಿಡಿದಾಗ, ಕೋತೊದವರು ಬೀದಿಗಿಳಿದು ಸುಗಿನಾಮಿಯ ಕಸದ ಲಾರಿಗಳನ್ನು ಅಡ್ಡಗಟ್ಟಿದರು. ಬೆಂಗಳೂರಿನ ಲಾರಿಗಳನ್ನು ಮಂಡೂರಿನವರು ತಡೆದದ್ದನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಈಗ ಸೋಮವಾರ ಬೆಳಗ್ಗೆ ನಾನು ಸುಡುವ ಕಸವನ್ನು ಬೇರ್ಪಡಿಸಿ, ಕಾಗೆಗೆ ಎಟುಕದಂತೆ ಬಲೆಯ ಕೆಳಗೆ ತಳ್ಳಿ ಬರುವುದರ ಹಿಂದೆ ಇರುವುದು ಆ ಬೀದಿ ಜಗಳ.

ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ಹಳದಿ ಟೋಪಿ ಹಾಕಿಕೊಂಡು, ಬೆನ್ನಿನ ಚೀಲಕ್ಕೆ ಅಪಾಯದ ಗಂಟೆ ನೇತುಹಾಕಿಕೊಂಡು, ನಡೆದೇ ಶಾಲೆಗೆ ಹೋಗುತ್ತಾಳೆ. ಮಾವನವರು ಇದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, "ಎಂಥ ಧೈರ್ಯದ ಸಂಸ್ಕಾರ!" ಎಂದರು. ಶಾಲೆ ಹತ್ತು ನಿಮಿಷದ ದೂರದಲ್ಲಿದೆ. ದಾರಿಯಲ್ಲಿ ಮಕ್ಕಳು ಗಾಬರಿಯಾದರೆ ಓಡಿ ಒಳಗೆ ಹೋಗಬಹುದಾದ ಮನೆ-ಅಂಗಡಿಗಳಿಗೆ ಗುರುತಿನ ಹಲಗೆ ಅಂಟಿಸಿದ್ದಾರೆ. ರಸ್ತೆ ದಾಟುವ ಕಡೆ ನಿವೃತ್ತ ಅಜ್ಜ ಒಬ್ಬರು ನಿಲ್ಲುತ್ತಾರೆ ಮತ್ತು ಇನ್ನೊಂದು ತಿರುವಿನಲ್ಲಿ ಸರದಿಯ ಪ್ರಕಾರ ತಂದೆತಾಯಿಯರು ಹಳದಿ ಬಾವುಟ ಹಿಡಿದು ನಿಲ್ಲಬೇಕು. ಜನವರಿಯ ಚಳಿಯಲ್ಲಿ ಮೂಗು ಸುರಿಸುತ್ತ ಆ ಬಾವುಟ ಹಿಡಿದು ನಿಂತವಳು ನಾನು, ತಿಪಟೂರಿನ ತೆಂಗಿನ ತೋಟದವಳು. ನನ್ನ ಮೈಯಲ್ಲಿ ಹರಿಯುವ ರಕ್ತದ ವಿವರ ಮಾವನವರಿಗೆ ಚೆನ್ನಾಗಿ ಗೊತ್ತಿದೆ. ಮದುವೆಗೆ ಮುಂಚೆ ಏಳು ತಲೆಮಾರು ವಿಚಾರಿಸಿದ್ದವರು ಅವರೇ.

"ಹಾಗಾದರೆ ಅಲ್ಲಿ ಕಷ್ಟವೇ ಇಲ್ಲವೇ?" ಎಂದು ಕೆಲವರು ಕಮೆಂಟು ಹಾಕುವುದು ಖಚಿತ. ಇದೆ. ಮನೆ ಹುಡುಕುವಾಗ ವಿದೇಶೀಯರೆಂಬ ಕಾರಣಕ್ಕೆ ನಮಗೆ ಮೂರು ಕಡೆ ಬಾಗಿಲು ಮುಚ್ಚಿದರು. 2017ರಲ್ಲಿ ಸರ್ಕಾರವೇ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಡಿಗೆ ಮನೆ ಹುಡುಕಿದ ವಿದೇಶೀಯರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಇದೇ ಮಾತು ಹೇಳಿದ್ದರು. ಹನ್ನೊಂದು ವರ್ಷವಾದರೂ ಪಕ್ಕದ ಮನೆಯವರ ಅಡುಗೆಮನೆ ಎಲ್ಲಿದೆಯೆಂದು ನನಗೆ ಗೊತ್ತಿಲ್ಲ. ಆದರೆ ಈ ಕಷ್ಟಗಳೂ ನನ್ನ ಮಾತನ್ನೇ ಹೇಳುತ್ತವೆ. ಪರ್ಸ್ ಹಿಂದಿರುಗಿಸಲು ಕಾಯಿದೆ ಮತ್ತು ಕೌಂಟರುಗಳಿವೆ, ಆದ್ದರಿಂದ ಅದು ನಡೆಯುತ್ತದೆ. ವಿದೇಶೀಯಳಿಗೆ ಮನೆ ಕೊಡುವುದಿಲ್ಲ ಎಂದವನಿಗೆ ದಂಡ ಹಾಕುವ ಅಂಥದೇ ಕೌಂಟರು ಇಲ್ಲ, ಆದ್ದರಿಂದ ಅಲ್ಲಿ ಅದೇ ರಕ್ತ ಬೇರೆ ಥರ ಹರಿಯುತ್ತದೆ. ರಕ್ತವೆಂದರೆ ನಾವೂ ಏನೂ ಮಾಡಬೇಕಾಗಿಲ್ಲ, ಅವರೂ ಏನೂ ಮಾಡಲಿಲ್ಲ ಎಂದಾಗುತ್ತದೆ. ಮಾವನವರಿಗೆ ಆ ಮಾತು ಅಷ್ಟು ರುಚಿಸಿದ್ದು ಅದಕ್ಕೇ ಇರಬೇಕು.

ನಾಳೆ ಬೆಳಗ್ಗೆ ಏಳೂಮುಕ್ಕಾಲಕ್ಕೆ ಬಾವುಟದ ಪಾಳಿ ನನ್ನದು, ಮಳೆ ಬರುತ್ತದಂತೆ. ಈಗಲೇ ಹೋಗಿ ಹೊಸ ಕೊಡೆ ತರಬೇಕು. ಇದ್ದ ಕೊಡೆಯನ್ನು ಕಳೆದ ವಾರ ಅಂಗಡಿಯ ಮುಂದಿನ ಸ್ಟ್ಯಾಂಡಿನಿಂದ ಯಾರೋ ಸಮುರಾಯ್ ವಂಶಸ್ಥರು ಎತ್ತಿಕೊಂಡು ಹೋಗಿದ್ದಾರೆ.