ಪೊಟ್ಯಾಟೊಗೆ ಇ ಬೇಕಾ ಸಾರ್?

ಮೇ ತಿಂಗಳು ಬಂತು ಅಂದರೆ ಹಾಸನದಲ್ಲಿ ಬಿತ್ತನೆ ಆಲೂಗಡ್ಡೆಯದ್ದೇ ಮಾತು. ಜಲಂಧರ್‌ನಿಂದ ಲಾರಿ ಬಂತಾ, ಮೂಟೆಗೆ ಎಷ್ಟು, ಮಳೆ ಯಾವಾಗ. ಬಿ.ಎಂ. ರಸ್ತೆ ಪಕ್ಕದ ಗಲ್ಲಿಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೂ ಆ ಮಾತು ಬಂದೇ ಬರುತ್ತದೆ, ಯಾಕಂದರೆ ಮಂಡಿಯವರ ಫ್ಲೆಕ್ಸ್ ಡಿಸೈನ್ ಮಾಡಿಕೊಡುವವನು ನಾನೇ. ಹೋದ ವರ್ಷ ಒಬ್ಬ ಯಜಮಾನರು ಬಂದು ಕೂತರು. ಕನ್ನಡದಲ್ಲಿ ಎಲ್ಲಾ ಬರೆಸಿ, ಕೆಳಗೆ ಇಂಗ್ಲಿಷಿನಲ್ಲೂ ಒಂದು ಸಾಲು ಇರಲಿ ಅಂದರು. ನಾನು ಪಿ ಓ ಟಿ ಎ ಟಿ ಓ ಅಂತ ಹೊಡೆದು ಎಸ್ ಕಡೆ ಬೆರಳು ಹಾಕಿದ್ದೆ, ಹಿಂದಿನಿಂದ ದನಿ ಬಂತು.

"ಅಲ್ಲೊಂದು ಇ ಬೇಕಾ ಸಾರ್?"

"ಒಂದೇ ಆದ್ರೆ ಇ ಇಲ್ಲ ಯಜಮಾನ್ರೇ. ಜಾಸ್ತಿ ಆದ್ರೆ ಇ ಬರುತ್ತೆ."

"ನಾನೇನು ಒಂದೊಂದು ಮಾರ್ತೀನಾ? ಲೋಡುಗಟ್ಟಲೆ ಮಾರೋದು. ಹಾಕಿ ಇ."

ಹಾಕಿದೆ. ಇದೇ ಇ ವಿಷಯಕ್ಕೆ 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಮರ್ಯಾದೆ ಕಳೆದುಕೊಂಡಿದ್ದರು. ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ ಹುಡುಗನೊಬ್ಬ ಬೋರ್ಡ್ ಮೇಲೆ ಪೊಟ್ಯಾಟೊ ಅಂತ ಸರಿಯಾಗೇ ಬರೆದಿದ್ದ, ಇವರು ಪಕ್ಕದಲ್ಲಿ ನಿಂತು ಕೊನೆಗೆ ಒಂದು ಇ ಸೇರಿಸು ಅಂದರು, ಟಿವಿ ಕ್ಯಾಮೆರಾ ಎದುರಿಗೇ. ಈ ಕಥೆ ಹೇಳಿದ್ದಕ್ಕೆ ಯಜಮಾನರು, "ಅವರಿಗೆ ಹಾಸನ ಗೊತ್ತಿಲ್ಲ ಬಿಡಿ" ಅಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಅವರಿಗೆ ಬೇಕಾಗಿದ್ದದ್ದು "ಪೊಟ್ಯಾಟೊ ಸೀಡ್ಸ್". ನಾನು ಬೇಡ, "ಸೀಡ್ ಪೊಟ್ಯಾಟೋಸ್" ಅನ್ನೋಣ ಅಂದೆ. ಎರಡೂ ಒಂದೇ ಅಲ್ವಾ ಅಂತ ವಾದ. ಒಂದೇ ಅಲ್ಲ. ಆಲೂಗಡ್ಡೆ ಗಿಡ ಹೂ ಬಿಟ್ಟು ಟೊಮೇಟೊ ಥರದ ಪುಟ್ಟ ಕಾಯಿ ಕಟ್ಟುತ್ತಲ್ಲ, ಅದರೊಳಗಿನ ಬೀಜ ಪೊಟ್ಯಾಟೊ ಸೀಡ್. ನಾವು ಹೋಳು ಮಾಡಿ ನೆಡುವುದು ಗಡ್ಡೆಯನ್ನು. ಇಂಗ್ಲಿಷಿನಲ್ಲಿ ಕೊನೆಗೆ ಕೂತ ಪದವೇ ಪದಾರ್ಥ, ಮುಂದಿನದು ಬರೀ ವಿಶೇಷಣ. ಕನ್ನಡದಲ್ಲೂ ಅಷ್ಟೇ ತಾನೇ, ಬಿತ್ತನೆ ಆಲೂಗಡ್ಡೆ ಅಂದರೆ ಆಲೂಗಡ್ಡೆಯೇ. ಅವರ ಫ್ಲೆಕ್ಸ್‌ನ ಕನ್ನಡದ ಸಾಲಿನಲ್ಲಿ ಉತ್ತರ ಆಗಲೇ ಇತ್ತು.

ನಾನು ಓದಿದ್ದು ಬಿ.ಕಾಂ. ಆದರೆ ಎದುರಿಗೆ ಕಂಪ್ಯೂಟರ್ ಇರುವವನಿಗೆ ಇಂಗ್ಲಿಷ್ ಗೊತ್ತಿರಲೇಬೇಕು ಅಂತ ಊರಿನ ನಂಬಿಕೆ. ಹಾಗಾಗಿ ರಜಾ ಅರ್ಜಿ, ಬಯೋಡಾಟಾ, ಮನವಿ ಪತ್ರದ ಜೊತೆಗೆ ಜನ ಒಂದೊಂದು ಡೌಟನ್ನೂ ತರುತ್ತಾರೆ. ಈ ಡೌಟ್ ಅನ್ನುವ ಪದದಲ್ಲಿ ಬಿ ಯಾಕೆ ಅಂತ ಒಬ್ಬ ಪಿಯುಸಿ ಹುಡುಗ ಕೇಳಿದ್ದ. ಫ್ರೆಂಚಿನಿಂದ ಬರುವಾಗ ಅದರಲ್ಲಿ ಬಿ ಇರಲೇ ಇಲ್ಲ. ಆಮೇಲೆ ಪಂಡಿತರು, ಲ್ಯಾಟಿನ್ ಮೂಲದಲ್ಲಿ ಬಿ ಇದೆಯಲ್ಲ ಅಂತ ಸುಮ್ನೆ ತಂದು ತುರುಕಿದರು. ಓದೋಕಲ್ಲ, ನೋಡೋಕೆ.

ಒಂದು ಸಲ ಶಾಸಕರಿಗೆ ರಸ್ತೆ ರಿಪೇರಿ ಮನವಿ ಟೈಪ್ ಮಾಡಿಸಲು ನಾಲ್ಕು ಜನ ಬಂದಿದ್ದರು. "ಆ್ಯಸ್ ಎನ್ ಎಂಎಲ್‌ಎ" ಅಂತ ಹೊಡೆದೆ. ಒಬ್ಬರು ತಡೆದರು. ಎ ಇ ಐ ಓ ಯು ಮುಂದೆ ಮಾತ್ರ ಎನ್, ಎಮ್ ಮುಂದೆ ಯಾಕೆ ಸಾರ್? ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಹಾಗೇ, ಪಾಪ. ಆದರೆ ಲೆಕ್ಕ ಅಕ್ಷರದ್ದಲ್ಲ, ಸದ್ದಿನದು. ನಾನೊಂದು ಸುಲಭ ದಾರಿ ಹೇಳಿದೆ: ಆ ಪದವನ್ನು ಕನ್ನಡದಲ್ಲಿ ಬರೆದು ನೋಡಿ, ಸ್ವರದಿಂದ ಶುರುವಾದರೆ ಎನ್, ವ್ಯಂಜನದಿಂದ ಆದರೆ ಎ. ಅವರ್ ಅಂತ ಬರೆದರೆ ಮೊದಲು ಅ, ಹಾಗಾಗಿ ಎನ್ ಅವರ್, ಎಚ್ ಇದ್ದರೂ ಲೆಕ್ಕಕ್ಕಿಲ್ಲ. ಯೂನಿವರ್ಸಿಟಿ, ಮೊದಲು ಯ, ಆದ್ದರಿಂದ ಎ. ಒಂದು ರೂಪಾಯಿಯ ಒನ್, ಬಾಯಲ್ಲಿ ಅದು ವನ್, ಹಾಗಾಗಿ ಎ. ನನ್ನ ಸೂತ್ರಕ್ಕೆ ನಾನೇ ಖುಷಿಯಾಗಿ ಎಂಎಲ್‌ಎ ಬರೆಯಿರಿ ನೋಡೋಣ ಅಂದೆ. ಅವರು ಪೆನ್ನು ತಗೊಂಡು ದೊಡ್ಡದಾಗಿ "ಯೆಮ್ಮೆಲ್ಲೆ" ಅಂತ ಬರೆದರು.

ತಪ್ಪಲ್ಲ. ನಮ್ಮ ಬಾಯಲ್ಲಿ ಎಮ್ಮೆ ಯೆಮ್ಮೆಯೇ, ಎಲೆ ಯೆಲೆಯೇ. ನಾವು ಹೇಳುವ ಸದ್ದಿಗೆ ಎ ಅಂತ ಹಾಕಿದರೇ ಸರಿ! ಇಂಗ್ಲಿಷಿನವರದ್ದೂ ಇಂಥದೇ ಕಥೆ, ನಾವು ಕಟ್ಟುವ ಏಪ್ರನ್ ಹಳೇ ಕಾಲದಲ್ಲಿ ನೇಪ್ರನ್ ಆಗಿತ್ತು. ಎ ನೇಪ್ರನ್ ಅನ್ನುತ್ತಾ ಅನ್ನುತ್ತಾ ನಕಾರ ಆಕಡೆ ಹಾರಿ ಎನ್ ಏಪ್ರನ್ ಆಯಿತು. ಕಿವಿಗೆ ಕೇಳಿದ್ದನ್ನೇ ಕೊನೆಗೆ ಪುಸ್ತಕವೂ ಒಪ್ಪಿಕೊಂಡಿತು. ಆದರೂ ಮನವಿಯಲ್ಲಿ ಎನ್ ಅಂತಲೇ ಉಳಿಸಿದೆ. ರಸ್ತೆ ಇನ್ನೂ ಆಗಿಲ್ಲ.

ಮಗನ ರಜಾ ಅರ್ಜಿ ಬರೆದುಕೊಂಡು ಬಂದ ಒಬ್ಬ ತಾಯಿಗೆ ಡಿಡ್ ನಾಟ್ ಕೇಮ್ ಯಾಕೆ ಆಗಲ್ಲ ಅನ್ನುವ ತಕರಾರು. ಬಂದ, ಅದಕ್ಕೆ ಇಲ್ಲ ಸೇರಿಸಿ ಬಂದನಿಲ್ಲ ಅಂತೀರಾ ಅಕ್ಕ, ಬರಲಿಲ್ಲ ಅಂತೀರಿ, ಹಾಗೇ ಇದು ಅಂದೆ. ಬಂದಿಲ್ಲ ಅಂತೀವಲ್ಲ ಅಂತ ತಿರುಗಿ ಕೇಳಿದರು. ಜಾಣೆ. ಅದು ಬೇರೆ ಲೆಕ್ಕ, ಅಲ್ಲಿ ಡಿಡ್ ಬರೋದೇ ಇಲ್ಲ, ಹ್ಯಾಸ್ ಬರುತ್ತದೆ.

ನನಗೇ ಇಂಗ್ಲಿಷ್ ಕೈ ಕೊಟ್ಟದ್ದೂ ಇದೆ. ಪ್ರಿಂಟರಿಗೆ ಟೋನರ್ ತರಿಸಿದ್ದೆ, ಹತ್ತು ದಿನ ಆದರೂ ಪತ್ತೆ ಇಲ್ಲ. ಕಂಪನಿಯಿಂದ ಫೋನ್ ಬಂತು. ನಿಮಗೆ ಪಾರ್ಸೆಲ್ ಬಂದಿಲ್ವಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ಯೆಸ್ ಯೆಸ್ ಅಂದೆ. ಕನ್ನಡದಲ್ಲಿ ಬಂದಿಲ್ವಾ ಅಂದರೆ ಹೂಂ, ಬಂದಿಲ್ಲ ಅಂತ ಕೇಳಿದವರ ಮಾತನ್ನು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಬಂದಿದ್ದರೆ ಯೆಸ್, ಇಲ್ಲದಿದ್ದರೆ ನೋ, ಪ್ರಶ್ನೆ ಹೇಗಾದರೂ ಇರಲಿ. ಸಂಜೆ ಮೆಸೇಜ್ ಬಂತು: ನಿಮ್ಮ ದೂರು ಪರಿಹಾರವಾಗಿದೆ.

ಆದರೆ ನನ್ನ ಮೆಚ್ಚಿನ ಪ್ರಶ್ನೆ ಕೇಳಿದ್ದು ಪಕ್ಕದ ಬೇಕರಿಯವರ ಮಗಳು, ಏಳನೇ ಕ್ಲಾಸು. "ಅಂಕಲ್, ನೀನು ಅನ್ನೋಕೂ ಯೂ, ನೀವು ಅನ್ನೋಕೂ ಯೂ. ಅಜ್ಜಿಗೆ ಮರ್ಯಾದೆ ಹೇಗೆ ಕೊಡೋದು? ಮತ್ತೆ ಯೂ ಒಬ್ಬರೇ ಆದ್ರೂ ಆರ್ ಯಾಕೆ, ಈಸ್ ಯಾಕಲ್ಲ?" ಎರಡು ಪ್ರಶ್ನೆ, ಉತ್ತರ ಒಂದೇ. ಇಂಗ್ಲಿಷಿನಲ್ಲೂ ನೀನು ಇತ್ತು, ದೌ ಅಂತ. ಯೂ ಅಂದರೆ ನೀವು, ಬಹುವಚನ. ದೊಡ್ಡವರಿಗೆ ನೀವು ಅಂದರು, ಆಮೇಲೆ ಗುರುತಿಲ್ಲದವರಿಗೂ ನೀವು, ಯಾರಿಗೆ ಬೇಜಾರಾಗುತ್ತೋ ಯಾಕೆ ಬೇಕು ಅಂತ ಕೊನೆಗೆ ಎಲ್ಲರಿಗೂ ನೀವು. 17ನೇ ಶತಮಾನ ಮುಗಿಯುವ ಹೊತ್ತಿಗೆ ಪೇಟೆಯವರ ದಿನದ ಮಾತಿನಿಂದ ದೌ ಹೆಚ್ಚುಕಡಿಮೆ ಜಾಗ ಖಾಲಿ ಮಾಡಿತ್ತು, ಪ್ರಾರ್ಥನೆಯಲ್ಲೂ ಕೆಲವು ಹಳ್ಳಿಗಾಡಿನ ಮಾತಿನಲ್ಲೂ ಉಳಿಯಿತು. ಅಜ್ಜಿ ಬಂದರು ಅಂತೀಯಲ್ಲ, ಎಷ್ಟು ಜನ ಅಜ್ಜಿ ಬಂದರು? ಒಬ್ಬರೇ ತಾನೇ. ಆ ಆರ್ ಕೂಡ ಹಾಗೇ.

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಅವರು ನಾಯಿಗೂ ನೀವು ಅಂತಾರಾ?"

ಅಂತಾರೆ ಮಾರಾಯ್ತಿ. ನೀವು ತುಂಬಾ ತುಂಟರು, ಕೂತ್ಕೊಳ್ಳಿ ಅಂತಾರೆ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಯಾರೋ ಕಲ್ಲಿನ ಮೇಲೆ ಕನ್ನಡ ಕೆತ್ತಿದ್ದು ಸುಮಾರು 450ರಲ್ಲಿ ಅನ್ನುತ್ತಾರೆ. ಇಂಗ್ಲಿಷಿನ ಪೂರ್ವಜರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದಿಳಿದದ್ದೂ ಹೆಚ್ಚುಕಡಿಮೆ ಅದೇ ಕಾಲ. ಇದನ್ನು ನಾನು ಗಿರಾಕಿಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಅವರು ಹೌದಾ ಅಂತ ಕೇಳಿ, ಜೆರಾಕ್ಸ್ ಎರಡು ಸೈಡ್ ಮಾಡಿ ಅನ್ನುತ್ತಾರೆ.

ಫ್ಲೆಕ್ಸ್ ತಗೊಂಡು ಹೋದ ಮಂಡಿ ಯಜಮಾನರು ವಾರ ಬಿಟ್ಟು ಮತ್ತೆ ಬಂದರು, ಆಧಾರ್ ಕಾರ್ಡ್ ಜೆರಾಕ್ಸ್‌ಗೆ. ಹೊರಗೆ ನಿಂತು ನನ್ನ ಅಂಗಡಿಯ ಬೋರ್ಡನ್ನೇ ನೋಡುತ್ತಿದ್ದರು.

"ಟೊಮೇಟೊಗೂ ಇ ಬರುತ್ತಾ ಸಾರ್?"

"ಬರುತ್ತೆ, ಜಾಸ್ತಿ ಇದ್ರೆ."

"ಫೋಟೋಗೂ ಬರುತ್ತಲ್ಲ, ನಿಮ್ಮ ಬೋರ್ಡಲ್ಲಿ ಇದೆ."

ಫೋಟೋಗೆ ಬರುವುದಿಲ್ಲ. ಫೋಟೋಗ್ರಾಫ್ ಅನ್ನು ಕತ್ತರಿಸಿ ಮಾಡಿದ ಪದ ಅದು, ಬರೀ ಎಸ್ ಸಾಕು. ಎಂಟು ವರ್ಷದಿಂದ ನನ್ನ ಬೋರ್ಡಿನಲ್ಲಿ ಪಾಸ್‌ಪೋರ್ಟ್ ಫೋಟೋಸ್‌ಗೆ ಓ ಆದ ಮೇಲೆ ಇ, ಕೆಂಪು ಬಣ್ಣದಲ್ಲಿ, ಅಂಗೈ ಅಗಲ. ಪೇಂಟರ್ ಬರೆದದ್ದು, ನಾನೇ ಚೀಟಿಯಲ್ಲಿ ಬರೆದುಕೊಟ್ಟದ್ದು. ಅವರು ಹೋದ ಮೇಲೆ ಸ್ಟೂಲ್ ಹತ್ತಿ ಆ ಇ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆ. ಈ ಮಳೆಗಾಲದಲ್ಲಿ ಅದು ಆಗಲೇ ಎರಡು ಸಲ ಕಿತ್ತುಬಂದಿದೆ.