ಕೇಳಬೇಕಾದ ಪ್ರಶ್ನೆ ಸೀಗಡಿಯದ್ದಲ್ಲ

"ಅಮ್ಮಾ, ಸೀಗಡಿ, ಏಡಿ ಏನಾದ್ರೂ ತಿಂದ್ರೆ ಮೈ ಕೆರೆತ ಬರುತ್ತಾ? ಅಯೋಡಿನ್ ಅಲರ್ಜಿ ಇದೆಯಾ?"

ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ನನ್ನ ಅಮ್ಮನನ್ನು ಕೇಳಿದ್ದು ಇಷ್ಟೇ. ಕಿಡ್ನಿ ಪರೀಕ್ಷೆಯ ವರದಿ ತಿರುವಿ ನೋಡಿದರು, ಸರಿಯಿತ್ತು. ಅಮ್ಮ "ಇಲ್ಲಪ್ಪ" ಅಂದಳು. ಫಾರ್ಮಿನಲ್ಲಿ ಒಂದು ಟಿಕ್ ಹಾಕಿ, ನನ್ನ ಸಹಿ ತೆಗೆದುಕೊಂಡು ಒಳಗೆ ಕರೆದೊಯ್ದರು. ಅಮ್ಮನ ಕತ್ತಿನ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ಹದಿನೈದು ವರ್ಷದಿಂದ ಇದೆ. ಎದುರು ನಿಂತವರಿಗೆಲ್ಲ ಕಾಣುತ್ತದೆ. ಅದರ ಬಗ್ಗೆ ಯಾರೂ ಕೇಳಲಿಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಸ್ಕ್ಯಾನ್ ಸುಸೂತ್ರವಾಗಿ ಮುಗಿಯಿತು. ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಹಾಕುವ, ಅಯೋಡಿನ್ ಇರುವ ಕಾಂಟ್ರಾಸ್ಟ್ ಡೈ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಯಿತು ಅಂದಳು, ಅಷ್ಟೇ. ಐದು ವಾರದ ನಂತರ ಒಂದು ಸಂಜೆ ಅಮ್ಮ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ದಾರದ ತುದಿ ಸೂಜಿಯ ಕಣ್ಣಿನ ಆಚೆ ಈಚೆ ಅಲುಗುತ್ತಲೇ ಇತ್ತು. ಕನ್ನಡಕ ಬದಲಿಸಿಕೊಂಡಳು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು. ಆಗಲಿಲ್ಲ. ಆಮೇಲೆ ನಾನು ಕೈ ಹಿಡಿದು ನೋಡಿದೆ. ಬೆರಳು ಸಣ್ಣಗೆ ನಡುಗುತ್ತಿತ್ತು, ಅಂಗೈ ಬೆವರಿತ್ತು, ನಾಡಿ ಓಡುತ್ತಿತ್ತು. ಬಟ್ಟೆ ಸಡಿಲವಾಗಿದ್ದನ್ನು ನಾವು ಗಮನಿಸಿಯೇ ಇರಲಿಲ್ಲ. "ವಯಸ್ಸಾಯ್ತು, ಟೆನ್ಷನ್ ಇರಬೇಕು" ಎಂದು ಇಬ್ಬರು ವೈದ್ಯರು ಹೇಳಿದರು. ಮೂರನೆಯವರು ಮಾತ್ರ ಕತ್ತು ಮುಟ್ಟಿ ನೋಡಿ, "ಇತ್ತೀಚೆಗೆ ಕಾಂಟ್ರಾಸ್ಟ್ ಹಾಕಿ ಸ್ಕ್ಯಾನ್ ಏನಾದ್ರೂ ಮಾಡಿಸಿದ್ರಾ?" ಎಂದು ಕೇಳಿದರು. ಥೈರಾಯ್ಡ್ ಹಾರ್ಮೋನ್ ಎರಡು ಪಟ್ಟು ಏರಿತ್ತು.

ಅವತ್ತಿನಿಂದ ಈ ವಿಷಯವನ್ನು ಓದುತ್ತಿದ್ದೇನೆ. ನಾನು ವೈದ್ಯಳಲ್ಲ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ಅಯೋಡಿನ್ ವಿಷಯದಲ್ಲಿ ಆಸ್ಪತ್ರೆಗಳು ಕೇಳುವ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದನ್ನು ಕೇಳುವುದಿಲ್ಲ.

ಮೊದಲು ಆ ಅಲರ್ಜಿಯ ಮಾತು. ಅಯೋಡಿನ್ ಒಂದು ಮೂಲವಸ್ತು, ನಮ್ಮೆಲ್ಲರ ರಕ್ತದಲ್ಲೂ ಇರುವಂಥದ್ದು. ಅದಿಲ್ಲದೆ ಥೈರಾಯ್ಡ್ ಹಾರ್ಮೋನೇ ಇಲ್ಲ. ಸೀಗಡಿ, ಏಡಿ ತಿಂದು ಅಲರ್ಜಿ ಆಗುವುದು ಹೆಚ್ಚಾಗಿ ಅವುಗಳ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿನಿಂದ. ಅಯೋಡಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಕಾಂಟ್ರಾಸ್ಟ್ ಡೈ ಕೆಲವರಿಗೆ ಒಗ್ಗದಿರುವುದು ನಿಜ, ಅಪರೂಪಕ್ಕೆ ಪ್ರಾಣಕ್ಕೂ ಬರುತ್ತದೆ. ಆದರೆ ಅದು ಆ ಇಡೀ ಅಣುವಿಗೆ ದೇಹ ತೋರಿಸುವ ಪ್ರತಿಕ್ರಿಯೆ. 1990ರಲ್ಲಿ ಜಪಾನಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನ ಪ್ರಕಟವಾಯಿತು. ಹಳೆಯ ಅಯಾನಿಕ್ (ವಿದ್ಯುದಾವೇಶದ ಕಣಗಳಾಗಿ ಒಡೆಯುವ) ಡೈಗಳಲ್ಲಿ ತೀವ್ರ ಪ್ರತಿಕ್ರಿಯೆ ಶೇಕಡಾ 0.22, ಹೊಸ ಡೈಗಳಲ್ಲಿ 0.04. ಎರಡರಲ್ಲೂ ಅಯೋಡಿನ್ ಇತ್ತು. ತಪ್ಪು ಅಯೋಡಿನ್‌ದೇ ಆಗಿದ್ದರೆ ಇಷ್ಟು ವ್ಯತ್ಯಾಸ ಏಕೆ ಬರುತ್ತಿತ್ತು?

ಹಾಗಾಗಿ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಅಯೋಡಿನ್ ಅಲರ್ಜಿ" ಎಂದು ಬರೆಯುವುದರಿಂದ ಕೆಡುಕೇ ಹೆಚ್ಚು. ಯಾವ ಡೈ, ಎಷ್ಟು ಕೊಟ್ಟಾಗ, ಏನಾಯಿತು ಎಂದು ಹೆಸರು ಸಮೇತ ಬರೆದರೆ ಮುಂದಿನ ಸಲ ಬೇರೆ ಡೈ ಆರಿಸಬಹುದು. ಸುಮ್ಮನೆ "ಅಯೋಡಿನ್" ಎಂದು ಬರೆದರೆ ತುರ್ತಾಗಿ ಬೇಕಾದ ಸ್ಕ್ಯಾನ್ ಕೂಡ ನಿಂತುಹೋಗುತ್ತದೆ.

ನಿಜವಾದ ಅಪಾಯ ಕತ್ತಿನಲ್ಲಿದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಒಂದು ಸ್ಕ್ಯಾನಿಗೆ ಹಾಕುವ 100 ಮಿಲಿಲೀಟರ್ ಡೈಯಲ್ಲಿ 30ರಿಂದ 37 ಗ್ರಾಂ ಅಯೋಡಿನ್ ಇರುತ್ತದೆ. ಲೆಕ್ಕ ಹಾಕಿದರೆ ಎರಡು ಲಕ್ಷ ದಿನಗಳ ಪಾಲು. ಅದರಲ್ಲಿ ಬಹುಪಾಲು ಡೈಯ ಅಣುವಿಗೆ ಅಂಟಿಕೊಂಡೇ ಇದ್ದು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ಆದರೂ ಬಿಡಿಯಾಗಿ ಉಳಿಯುವ ಚೂರು ಕೂಡ ದಿನದ ಅಗತ್ಯದ ಎಷ್ಟೋ ಪಟ್ಟು.

ಆರೋಗ್ಯವಂತ ಥೈರಾಯ್ಡ್ ಇದನ್ನು ನಿಭಾಯಿಸುತ್ತದೆ. ಅಯೋಡಿನ್ ಪ್ರವಾಹ ಬಂದಾಗ ಅದು ಸ್ವಲ್ಪ ದಿನ ಹಾರ್ಮೋನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿದರು, ಅವರ ಹೆಸರೇ ಇದಕ್ಕೆ ಉಳಿದಿದೆ. ಆಮೇಲೆ ಗ್ರಂಥಿ ತಾನಾಗಿಯೇ ಹದಕ್ಕೆ ಬರುತ್ತದೆ. ತೊಂದರೆ ಇರುವುದು ಹಾಗೆ ಹದಕ್ಕೆ ಬರಲಾಗದವರಿಗೆ. ಹಾಶಿಮೋಟೋ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ, ಇರುವವರಲ್ಲಿ ಗ್ರಂಥಿ ನಿಂತಲ್ಲೇ ನಿಲ್ಲಬಹುದು. ನನ್ನ ಅಮ್ಮನಂತೆ ಹಳೆಯ ಗಳಗಂಡ, ಗಂಟುಗಳು ಇರುವವರಲ್ಲಿ ಉಲ್ಟಾ. ಆ ಗಂಟುಗಳು ಯಾರ ಮಾತನ್ನೂ ಕೇಳದೆ ಸಿಕ್ಕಿದ ಅಯೋಡಿನ್‌ನೆಲ್ಲ ಹಾರ್ಮೋನ್ ಮಾಡುತ್ತ ಹೋಗುತ್ತವೆ. ಇದು ಶುರುವಾಗುವುದು ವಾರಗಳ ನಂತರ. ಅಷ್ಟೊತ್ತಿಗೆ ಸ್ಕ್ಯಾನ್ ಮಾಡಿದವರಿಗೆ ರೋಗಿ ನೆನಪಿಲ್ಲ, ರೋಗಿಗೆ ಸ್ಕ್ಯಾನ್ ನೆನಪಿಲ್ಲ. ಹೃದಯ ಮೊದಲೇ ದುರ್ಬಲವಾಗಿರುವ ವಯಸ್ಸಾದವರಿಗೆ ಈ ಎದೆಬಡಿತ ಸಣ್ಣ ವಿಷಯವಲ್ಲ.

ಎಲ್ಲರಿಗೂ ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನ್ ಬೇಡ ಅನ್ನಬೇಡಿ. ಅಮ್ಮನಿಗೆ ಆ ಸ್ಕ್ಯಾನ್ ಬೇಕೇ ಬೇಕಾಗಿತ್ತು. "ಕತ್ತಿನಲ್ಲಿ ಗಂಟಿದೆಯಾ, ಥೈರಾಯ್ಡ್ ತೊಂದರೆ ಇತ್ತಾ" ಎಂದು ಕೇಳಲು ಹತ್ತು ಸೆಕೆಂಡ್ ಸಾಕು. ಇದೆ ಎಂದರೆ "ಎದೆ ಡವಡವ ಅಂದ್ರೆ, ತೂಕ ಇಳಿದ್ರೆ ಬಂದು ರಕ್ತ ಪರೀಕ್ಷೆ ಮಾಡಿಸಿ" ಎಂದು ಒಂದು ಮಾತು ಸಾಕು.

ಹೃದಯದ ಲಯ ತಪ್ಪಿದವರಿಗೆ ಕೊಡುವ ಅಮಿಯೋಡರೋನ್ ಮಾತ್ರೆಯೂ ಇದೇ ಸಾಲಿನದು. 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಅದನ್ನು ನುಂಗುವವರಿಗೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ತಪ್ಪಬಾರದು.

ನನ್ನ ನಿದ್ದೆಗೆಡಿಸಿದ್ದು ಮಾತ್ರ ಎಳೆಯ ಮಕ್ಕಳ ಭಾಗ. ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಹೇಳಿದ ಚಿತ್ರ ಕಣ್ಣಿಗೆ ಕಟ್ಟಿದೆ. ತಿಂಗಳು ತುಂಬದೆ ಹುಟ್ಟಿದ ಮಗು, ಅಂಗೈಯಷ್ಟು ಹೊಟ್ಟೆ, ಹೊಕ್ಕುಳಿನ ಸುತ್ತ ಸೋಂಕು ತಡೆಯಲು ಹಚ್ಚಿದ ಪೊವಿಡೋನ್ ಅಯೋಡಿನ್‌ನ ಕಂದು ಬಣ್ಣ ಒಣಗಿ ಹಾಗೇ ಉಳಿದಿದೆ. ಆ ಚರ್ಮ ಕಾಗದಕ್ಕಿಂತ ತೆಳು, ಹಚ್ಚಿದ್ದನ್ನು ಹೀರಿಕೊಳ್ಳುತ್ತದೆ. ಆ ಮಗುವಿನ ಥೈರಾಯ್ಡ್ ಅಯೋಡಿನ್ ಹೆಚ್ಚಾದಾಗ ನಿಲ್ಲುವುದನ್ನು ಕಲಿತಿರುತ್ತದೆ, ಮತ್ತೆ ಶುರುವಾಗುವುದನ್ನು ಇನ್ನೂ ಕಲಿತಿರುವುದಿಲ್ಲ. ಆ ಸಾಮರ್ಥ್ಯ ಬರುವುದು ತಿಂಗಳು ತುಂಬುವ ಹೊತ್ತಿಗೆ. ಮಿದುಳು ಬೆಳೆಯುವ ದಿನಗಳಲ್ಲಿ ಹಾರ್ಮೋನ್ ಕಡಿಮೆಯಾದರೆ ಅದರ ಬೆಲೆ ಏನೆಂದು ಹೇಳಬೇಕಾಗಿಲ್ಲ. ತಾಯಿಯ ಗಾಯಕ್ಕೆ ಪದೇಪದೇ ಹಚ್ಚಿದ ಅಯೋಡಿನ್ ಎದೆಹಾಲಿನಲ್ಲೂ ಮಗುವಿಗೆ ಸೇರುತ್ತದೆ.

ಬದಲಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಕೂಡ ಅಷ್ಟು ಎಳೆಯ ಚರ್ಮವನ್ನು ಸುಡಬಲ್ಲದು. ಹಾಗಾಗಿ ಸುಲಭದ ದಾರಿ ಇಲ್ಲ ಎಂದು ನನಗೂ ಗೊತ್ತು. ಬೇಕಾದಷ್ಟೇ ಹಚ್ಚಿ, ಕೆಲಸ ಮುಗಿದ ಮೇಲೆ ಶುದ್ಧ ನೀರಿನಲ್ಲಿ ಒರೆಸಿ, ಮಗುವಿನ ಟಿಎಸ್‌ಎಚ್ (ಥೈರಾಯ್ಡ್ ಸರಿಯಿದೆಯೇ ಎಂದು ತಿಳಿಸುವ ರಕ್ತ ಪರೀಕ್ಷೆ) ನೋಡುವುದಂತೂ ಸಾಧ್ಯ. 2022ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಯೋಡಿನ್ ಇರುವ ಡೈ ಕೊಟ್ಟ ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ವಾರದೊಳಗೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಯೋಚಿಸಿ ಎಂದು ಸಲಹೆ ಕೊಟ್ಟಿತು. ಮಗುವಿಗೆ ಅಂಥ ಸ್ಕ್ಯಾನ್ ಆಗಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಆಪರೇಷನ್ ಥಿಯೇಟರಿನಲ್ಲೂ ಇದೆ ಒಂದು ವಿಷಯ. ಚರ್ಮಕ್ಕೆ ಹಚ್ಚಿದ ಅಯೋಡಿನ್ ದ್ರಾವಣ ಬೆನ್ನಿನ ಕೆಳಗೆ ಹರಿದು ನಿಂತು, ರೋಗಿ ಗಂಟೆಗಟ್ಟಲೆ ಅದರ ಮೇಲೇ ಮಲಗಿದರೆ ಚರ್ಮ ಸುಟ್ಟುಹೋಗುತ್ತದೆ. ಪ್ರಜ್ಞೆ ಇಲ್ಲದವರು ಉರಿ ಎಂದು ಹೇಳುವುದು ಹೇಗೆ? ಒಣಗಲು ಬಿಡಬೇಕು, ಒದ್ದೆ ಬಟ್ಟೆ ತೆಗೆಯಬೇಕು. ಅಷ್ಟೇ ಕೆಲಸ.

ಅಮ್ಮ ಏಳು ತಿಂಗಳು ಮಾತ್ರೆ ತೆಗೆದುಕೊಂಡಳು. ಈಗ ಅವಳ ಪರ್ಸಿನಲ್ಲಿ ನಾನು ಬರೆದುಕೊಟ್ಟ ಚೀಟಿ ಇದೆ: ಗಂಟು ಎಷ್ಟು ವರ್ಷದ್ದು, ಯಾವ ದಿನ ಯಾವ ಡೈ ಹಾಕಿದ್ದು, ಆಮೇಲೆ ಏನಾಯಿತು. ಹೋದ ತಿಂಗಳು ಇನ್ನೊಂದು ಕಡೆ ಮತ್ತೆ ಸ್ಕ್ಯಾನಿಗೆ ಹೋದಾಗ ಟೆಕ್ನಿಷಿಯನ್ ಹುಡುಗಿ ಸೀಗಡಿಯ ಪ್ರಶ್ನೆಯನ್ನೇ ಶುರುಮಾಡಿದಳು. ಅಮ್ಮ ಮಾತಾಡದೆ ಚೀಟಿ ಮುಂದಿಟ್ಟಳು. ಹುಡುಗಿ ಎರಡು ಸಲ ಓದಿದಳು, ಪೆನ್ನು ಕೆಳಗಿಟ್ಟಳು. "ಸ್ವಲ್ಪ ಕೂತಿರಿ ಅಮ್ಮಾ, ಡಾಕ್ಟರಿಗೆ ತೋರಿಸಿ ಬರ್ತೀನಿ" ಎಂದು ಎದ್ದು ಒಳಗೆ ಹೋದಳು.