ಸ್ವಯಂಸೇವಕರು ‘ಮನಸ್ಸು ಬಂದ್ರೆ ಬರ್ತಾರೆ’ ಅನ್ನೋದು ನಿಜವೇ?

“ಸಂಬಳ ಇಲ್ಲದವರನ್ನು ನಂಬಬೇಡಿ. ಬೆಂಕಿ ಬಿದ್ದಾಗ ಸ್ವಯಂಸೇವಕರು ಮನಸ್ಸು ಬಂದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ.” ಹೀಗೊಂದು ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಚಿಲಿ ದೇಶವನ್ನೇ ನೋಡಿ. ಅಲ್ಲಿ ಬೆಂಕಿ ಆರಿಸುವವರು ಸಂಬಳ ಪಡೆಯುವುದಿಲ್ಲ. ವಾಲ್ಪರೈಸೊ ಬಂದರಿನಲ್ಲಿ 1851ರಲ್ಲಿ ಶುರುವಾದ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 1824ರಿಂದ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುತ್ತಿರುವ ಆರ್‌ಎನ್‌ಎಲ್‌ಐ ಎಂಬ ಸಂಸ್ಥೆಯ ದೋಣಿಗಳಲ್ಲೂ ಹೆಚ್ಚಿನವರು ಸ್ವಯಂಸೇವಕರೇ. ಪೇಜರ್ (ತುರ್ತು ಕರೆ ತಿಳಿಸುವ ಪುಟ್ಟ ಸಾಧನ) ಬಡಿದರೆ ಊಟದ ತಟ್ಟೆ ಬಿಟ್ಟು ಓಡುತ್ತಾರೆ.

ಸುಮ್ನೆ ಉತ್ಸಾಹದಿಂದ ಇದೆಲ್ಲ ಆಗುವುದಿಲ್ಲ. ಬೆಂಕಿ ಆರಿಸುವವರ ಪ್ಯಾಂಟನ್ನು ಠಾಣೆಯಲ್ಲಿ ಬೂಟಿನ ಸುತ್ತ ಮಡಚಿ ಇಟ್ಟಿರುತ್ತಾರೆ. ಕಾಲು ಇಳಿಸಿ ಮೇಲಕ್ಕೆಳೆದರೆ ಮುಗಿಯಿತು. ಇದನ್ನು ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಬೇಕು. ಇನ್ನೊಂದು ವಿಷಯ: ಕರೆ ಬೇಕಾದಷ್ಟೇ ಜನರಿಗೆ ಹೋಗುವುದಿಲ್ಲ, ಜಾಸ್ತಿ ಜನರಿಗೆ ಹೋಗುತ್ತದೆ. ಒಬ್ಬರು ಜ್ವರ ಬಂದು ಮಲಗಿದ್ದರೂ ಗಾಡಿ ನಿಲ್ಲಬಾರದು, ಅಲ್ವಾ? ಅಂದರೆ ಭರವಸೆ ಒಬ್ಬರ ಒಳ್ಳೆಯತನದ ಮೇಲೆ ನಿಂತಿಲ್ಲ. ನನಗಂತೂ ಇದೇ ಮುಖ್ಯ ಅನಿಸುತ್ತದೆ.

ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜ ಇದೆ. ಹಗಲು ಹೊತ್ತು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಆಗ ಜನ ಸಿಗುವುದು ಕಷ್ಟ. ಠಾಣೆಯಿಂದ ದೂರ ಇರುವವರು ತಲುಪಲು ಒಂದಷ್ಟು ನಿಮಿಷ ಬೇಕೇಬೇಕು. ಅದು ದೂರದ ಸಮಸ್ಯೆ, ನಿಯತ್ತಿನದಲ್ಲ. ಅದಕ್ಕೇ ಎಷ್ಟೋ ಕಡೆ ಹಗಲಿಗೆ ಸಂಬಳದವರು, ರಾತ್ರಿಗೆ ಸ್ವಯಂಸೇವಕರು ಎಂದು ಹಂಚಿಕೊಂಡಿದ್ದಾರೆ.